ಎರಡು ಡಾಕ್ ಕಾರ್ಡ್, ಒಂದೇ ಪಲ್ಸ್, ಬೇರೆ ಬೇರೆ ಅವಧಿ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಟೆಸ್ಟ್ ಬೆಂಚಿನ ಹಳೆಯ ಕಂಪ್ಯೂಟರ್ ಕೈಕೊಡುತ್ತದೆ. ಹೊಸದು ಬರುತ್ತದೆ, ಅದರ ಜೊತೆ ಹೊಸ ಡಾಕ್ ಕಾರ್ಡೂ (ಸೆನ್ಸರಿನ ಸಿಗ್ನಲನ್ನು ಅಳೆದು ಕಂಪ್ಯೂಟರಿಗೆ ಕೊಡುವ ಕಾರ್ಡ್) ಬರುತ್ತದೆ. ಸೆನ್ಸರ್ ಅದೇ, ಮೋಟಾರ್ ಅದೇ, ವೇಗವೂ ಅದೇ. ಆದರೆ ಹಳೆಯ ಕಾರ್ಡ್ ಪಲ್ಸಿನ ಅವಧಿ (ಒಂದು ಪಲ್ಸ್ ಶುರುವಾಗಿ ಮುಂದಿನದು ಶುರುವಾಗುವವರೆಗಿನ ಸಮಯ) 10.010 ಮಿಲಿಸೆಕೆಂಡ್ ಅನ್ನುತ್ತದೆ, ಹೊಸದು 10.001 ಅನ್ನುತ್ತದೆ. ಕೂಡಲೇ ಎರಡು ಪಕ್ಷಗಳಾಗುತ್ತವೆ: ಹಳೆಯದು ಸವೆದಿದೆ ಅನ್ನುವವರು, ಹೊಸದರಲ್ಲೇ ದೋಷ ಅನ್ನುವವರು. ಕಾರ್ಡನ್ನು ವಾಪಸ್ ಕಳಿಸುವ ಮಾತೂ ಶುರುವಾಗುತ್ತದೆ.

ಇಂಥ ಸಂದರ್ಭಗಳಲ್ಲಿ ಕಾರ್ಡ್ ನಿಜವಾಗಿ ಕೆಟ್ಟಿರುವುದು ಅಪರೂಪ. ವ್ಯತ್ಯಾಸಕ್ಕೆ ಕಾರಣ ಬೇರೆ ಕಡೆ ಇರುತ್ತದೆ, ಆ ಕಾರಣ ರೀಡಿಂಗ್‌ಗಳ ಮೇಲೆ ತನ್ನದೇ ಗುರುತು ಬಿಟ್ಟಿರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವ ವ್ಯತ್ಯಾಸ ಬೇರೆ, ಸದಾ ಒಂದೇ ಪ್ರಮಾಣದಲ್ಲಿ ಉಳಿಯುವುದು ಬೇರೆ, ಚದುರಿ ಬೀಳುವುದು ಬೇರೆ, ಎಲ್ಲೋ ನೂರಕ್ಕೊಮ್ಮೆ ತಲೆಹಾಕುವುದು ಬೇರೆ. ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಈ ಗುರುತನ್ನು ಓದಿದರೆ ಮುಕ್ಕಾಲು ಕೆಲಸ ಮುಗಿಯಿತು. ಕೆಳಗಿನ ಭಾಗಗಳನ್ನು ಅದೇ ಲಕ್ಷಣಗಳ ಮೇಲೆ ವಿಂಗಡಿಸಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

ಮುನ್ನೆಚ್ಚರಿಕೆ

ಸಾಮಾನ್ಯ ಡಾಕ್ ಕಾರ್ಡಿನ ಕೌಂಟರ್ ಇನ್‌ಪುಟ್ 5 ವೋಲ್ಟಿನದು. ಕಾರ್ಖಾನೆಯ ಪ್ರಾಕ್ಸಿಮಿಟಿ ಸೆನ್ಸರುಗಳು, ಎನ್‌ಕೋಡರುಗಳು ಬಹುತೇಕ 24 ವೋಲ್ಟಿನವು. ಅವುಗಳ ತಂತಿಯನ್ನು ನೇರವಾಗಿ ಕಾರ್ಡಿಗೆ ಕೊಟ್ಟರೆ ಆ ಇನ್‌ಪುಟ್ ಅಲ್ಲಿಗೆ ಮುಗಿಯಿತು. ನಡುವೆ ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಅಥವಾ ವೋಲ್ಟ್ ಇಳಿಸುವ ಲೆವೆಲ್ ಕನ್ವರ್ಟರ್ ಇರಲೇಬೇಕು. 230 ವೋಲ್ಟಿನ ಮನೆ ಕರೆಂಟನ್ನು ರೆಸಿಸ್ಟರ್ ಡಿವೈಡರ್ ಹಾಕಿ ಕಾರ್ಡಿಗೆ ತರುವ ಪ್ರಯತ್ನ ಯಾವ ಕಾರಣಕ್ಕೂ ಬೇಡ. ಕಾರ್ಡಿನ ಗ್ರೌಂಡ್ ಕಂಪ್ಯೂಟರಿನ ಕವಚಕ್ಕೆ ಸೇರಿರುತ್ತದೆ, ಫೇಸ್ ನ್ಯೂಟ್ರಲ್ ಅದಲುಬದಲಾದರೆ ಪ್ರಾಣಕ್ಕೇ ಅಪಾಯ. ಪಿಸಿಐ ಕಾರ್ಡನ್ನು ತೆಗೆಯುವಾಗ ಕಂಪ್ಯೂಟರ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಸೆನ್ಸರ್ ಮತ್ತು ಹಲ್ಲುಚಕ್ರದ ನಡುವಿನ ಅಂತರ ಸರಿಪಡಿಸಬೇಕಾದರೆ ಶಾಫ್ಟ್ ಪೂರ್ತಿ ನಿಂತ ಮೇಲೆ ಕೈ ಹಾಕಿ.

ಮೊದಲ ಕೆಲಸ: ಕಚ್ಚಾ ರೀಡಿಂಗ್ ಉಳಿಸಿಕೊಳ್ಳಿ

ಒಂದೇ ಸಿಗ್ನಲನ್ನು ಎರಡೂ ಕಾರ್ಡಿಗೆ ಏಕಕಾಲಕ್ಕೆ ಕೊಡಿ. ಬೆಳಿಗ್ಗೆ ಒಂದರಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಅಳೆದು ಹೋಲಿಸಿದರೆ ಮೋಟಾರಿನ ವೇಗ ಬದಲಾಯಿತೋ ಕಾರ್ಡ್ ಬದಲಾಯಿತೋ ಎಂದು ಯಾರೂ ಹೇಳಲಾರರು. ಸರಾಸರಿ ಮಾಡದ, ಫಿಲ್ಟರ್ ಹಾಕದ, ಫ್ರೀಕ್ವೆನ್ಸಿಗೆ ತಿರುಗಿಸದ ಸಾವಿರದಷ್ಟು ಸಾಲು ಅವಧಿಗಳನ್ನು ಎರಡರಿಂದಲೂ ಫೈಲಿಗೆ ಬರೆಸಿ. ದಶಮಾಂಶದ ನಂತರ ಕನಿಷ್ಠ ಒಂಬತ್ತು ಅಂಕಿ ಉಳಿಯಲಿ. ಸ್ಪ್ರೆಡ್‌ಶೀಟಿನಲ್ಲಿ ಮೂರೇ ಅಂಕಿ ಉಳಿಸಿ ಸುಳಿವನ್ನು ಅಳಿಸಿಹಾಕುವುದು ತುಂಬ ಕಡೆ ಆಗುತ್ತದೆ.

ನಂತರ ಎರಡು ಗ್ರಾಫ್ ಹಾಕಿ: ಪಲ್ಸಿನ ಕ್ರಮಸಂಖ್ಯೆಗೆ ಎದುರಾಗಿ ಅವಧಿ, ಮತ್ತು ಅವಧಿಗಳ ಹಿಸ್ಟೊಗ್ರಾಮ್, ಅಂದರೆ ಯಾವ ಅವಧಿ ಎಷ್ಟು ಸಲ ಬಂತೆಂದು ತೋರಿಸುವ ಕಂಬಚಿತ್ರ. ಈ ಎರಡು ಚಿತ್ರ ಇಲ್ಲದೆ ಮುಂದಕ್ಕೆ ಹೋಗಬೇಡಿ.

ಲಕ್ಷಣ 1: ರೀಡಿಂಗ್ ಕೆಲವೇ ಸಂಖ್ಯೆಗಳ ನಡುವೆ ಜಿಗಿಯುತ್ತದೆ

ಹಿಸ್ಟೊಗ್ರಾಮಿನಲ್ಲಿ ಎರಡೋ ಮೂರೋ ಕಂಬ ನಿಂತಿವೆ, ಅವುಗಳ ನಡುವೆ ಪೂರ್ತಿ ಖಾಲಿ. ಇದು ದೋಷವಲ್ಲ, ಕಾರ್ಡಿನ ಎಣಿಕೆಯ ಹೆಜ್ಜೆ.

ಕೌಂಟರ್ ಅವಧಿಯನ್ನು ಅಳೆಯುವುದು ಎಣಿಸುವುದರ ಮೂಲಕ. ಪಲ್ಸಿನ ಒಂದು ರೈಸಿಂಗ್ ಎಡ್ಜ್‌ನಿಂದ (ಸಿಗ್ನಲ್ ಮೇಲೇರುವ ಕ್ಷಣದಿಂದ) ಮುಂದಿನ ರೈಸಿಂಗ್ ಎಡ್ಜ್‌ವರೆಗೆ ಕಾರ್ಡಿನ ಒಳಗಿನ ಕ್ಲಾಕ್ ಎಷ್ಟು ಸಲ ಟಿಕ್ ಅಂದಿತು ಎಂದು ಲೆಕ್ಕ ಹಿಡಿಯುತ್ತದೆ. ಅರ್ಧ ಟಿಕ್ ಎಣಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ರೀಡಿಂಗ್‌ನಲ್ಲೂ ಒಂದು ಟಿಕ್ಕಿನಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಆ ಟಿಕ್ ಎಷ್ಟು ದೊಡ್ಡದು ಎಂಬುದು ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಮೂರು ತಲೆಮಾರುಗಳನ್ನೇ ನೋಡಿ. ಹಳೆಯ ಪಿಸಿಐ-6024ಇ ಕಾರ್ಡಿನಲ್ಲಿ 20 ಮೆಗಾಹರ್ಟ್ಸ್ ಕ್ಲಾಕ್, 24 ಬಿಟ್ ಕೌಂಟರ್; ಟಿಕ್ 50 ನ್ಯಾನೊಸೆಕೆಂಡ್. ಎಂ ಸರಣಿಯ ಪಿಸಿಐ-6221ರಲ್ಲಿ 80 ಮೆಗಾಹರ್ಟ್ಸ್, 32 ಬಿಟ್, ಟಿಕ್ 12.5 ನ್ಯಾನೊಸೆಕೆಂಡ್. ಎಕ್ಸ್ ಸರಣಿಯ ಪಿಸಿಐಇ-6341ರಲ್ಲಿ 100 ಮೆಗಾಹರ್ಟ್ಸ್, 32 ಬಿಟ್. ಟಿಕ್ 10 ನ್ಯಾನೊಸೆಕೆಂಡ್. 50 ಕಿಲೊಹರ್ಟ್ಸ್ ಪಲ್ಸಿನ ಅವಧಿ 20 ಮೈಕ್ರೊಸೆಕೆಂಡ್. ಮೊದಲ ಕಾರ್ಡ್ ಅದನ್ನು 400 ಟಿಕ್ಕಿನಲ್ಲಿ ಎಣಿಸುತ್ತದೆ, ಒಂದು ಟಿಕ್ ತಪ್ಪಿದರೆ 0.25 ಶೇಕಡ. ಎರಡನೆಯದು 1600 ಟಿಕ್, 0.0625 ಶೇಕಡ. ಮೂರನೆಯದು 2000 ಟಿಕ್, 0.05 ಶೇಕಡ. ಅದೇ ಪಲ್ಸ್ 50 ಹರ್ಟ್ಸ್ ಆಗಿದ್ದರೆ ಮೂರರಲ್ಲೂ ಈ ತಪ್ಪು ಕಣ್ಣಿಗೇ ಬೀಳದಷ್ಟು ಚಿಕ್ಕದು. ಆದ್ದರಿಂದ ಸುಲಭ ಪರೀಕ್ಷೆ ಇದು: ಸಿಗ್ನಲ್ ಜನರೇಟರಿನ ಫ್ರೀಕ್ವೆನ್ಸಿಯನ್ನು ಹತ್ತನೇ ಒಂದಕ್ಕೆ ಇಳಿಸಿ. ಶೇಕಡವಾರು ವ್ಯತ್ಯಾಸವೂ ಹತ್ತನೇ ಒಂದಕ್ಕೆ ಇಳಿದರೆ ಕಾರಣ ಟಿಕ್. ಇಳಿಯದಿದ್ದರೆ ಲಕ್ಷಣ 2ಕ್ಕೆ ಹೋಗಿ.

ಈಗ ಹಿಸ್ಟೊಗ್ರಾಮಿನ ಕಂಬಗಳ ನಡುವಿನ ಅಂತರವನ್ನು ಅಳೆಯಿರಿ. ಅದು 10, 12.5 ಅಥವಾ 50 ನ್ಯಾನೊಸೆಕೆಂಡ್ ಆಗಿದ್ದರೆ ಕಾರ್ಡ್ ತನ್ನ ವೇಗದ ಕ್ಲಾಕನ್ನೇ ಬಳಸುತ್ತಿದೆ. 10 ಮೈಕ್ರೊಸೆಕೆಂಡ್ ಇದ್ದರೆ? ಆಗ ಡ್ರೈವರ್ ನಿಮಗೆ ಹೇಳದೆಯೇ 100 ಕಿಲೊಹರ್ಟ್ಸ್ ಕ್ಲಾಕಿಗೆ ಬದಲಾಯಿಸಿಕೊಂಡಿದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ಜಾಗ ಇದು. ಅದೇ ಕಂಪನಿಯ ಪ್ರೋಗ್ರಾಮಿಂಗ್ ತಂತ್ರಾಂಶ ಲ್ಯಾಬ್‌ವ್ಯೂನಲ್ಲಿ ಡಾಕ್‌ಎಂಎಕ್ಸ್ (ಕಾರ್ಡಿನ ಡ್ರೈವರ್) ಚಾನಲ್ ಮಾಡುವಾಗ ಕನಿಷ್ಠ ಮೌಲ್ಯ, ಗರಿಷ್ಠ ಮೌಲ್ಯ ಎಂದು ಎರಡು ಖಾನೆ ಇರುತ್ತವೆ. ಬಹಳ ಮಂದಿ ಅವು ಬರೀ ಮಿತಿ ಸೂಚಿಸಲು ಎಂದುಕೊಂಡು, ಯಾವುದಕ್ಕೂ ಇರಲಿ ಎಂದು ಗರಿಷ್ಠವನ್ನು ದೊಡ್ಡದಾಗಿ ಇಡುತ್ತಾರೆ. ಆದರೆ ಯಾವ ಕ್ಲಾಕ್ ಬಳಸಬೇಕೆಂದು ಡ್ರೈವರ್ ನಿರ್ಧರಿಸುವುದೇ ಆ ಸಂಖ್ಯೆಯಿಂದ. 24 ಬಿಟ್ ಕೌಂಟರ್ 20 ಮೆಗಾಹರ್ಟ್ಸ್‌ನಲ್ಲಿ 0.8388608 ಸೆಕೆಂಡಿಗೆ ತುಂಬಿಹೋಗುತ್ತದೆ. ಗರಿಷ್ಠ ಅವಧಿ 1 ಸೆಕೆಂಡ್ ಎಂದು ಬರೆದರೆ ಆ ಕಾರ್ಡಿಗೆ ನಿಧಾನದ ಕ್ಲಾಕ್ ಹಿಡಿಯದೆ ಬೇರೆ ದಾರಿಯಿಲ್ಲ. 32 ಬಿಟ್ ಕೌಂಟರ್ 80 ಮೆಗಾಹರ್ಟ್ಸ್‌ನಲ್ಲಿ ಸುಮಾರು 53.7 ಸೆಕೆಂಡಿನವರೆಗೆ ತಡೆಯುತ್ತದೆ, ಅದಕ್ಕೆ ಆ ಒತ್ತಡ ಇಲ್ಲ. ಒಂದೇ ಪ್ರೋಗ್ರಾಮ್, ಒಂದೇ ಸೆಟ್ಟಿಂಗ್, ಆದರೂ ಒಂದು ಕಾರ್ಡ್ ಮಿಲಿಮೀಟರ್ ಗೆರೆಯ ಸ್ಕೇಲಿನಲ್ಲೂ ಇನ್ನೊಂದು ಬರೀ ಮೊಳದ ಕೋಲಿನಲ್ಲೂ ಅಳೆದಂತೆ ಆಗುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ನಿಮ್ಮ ಪಲ್ಸಿನ ನಿಜವಾದ ವ್ಯಾಪ್ತಿಯನ್ನೇ ಆ ಖಾನೆಗಳಲ್ಲಿ ಬರೆಯಿರಿ. ಇನ್ನೂ ಸೂಕ್ಷ್ಮತೆ ಬೇಕಾದರೆ ಒಂದು ಪಲ್ಸಿನ ಬದಲು ನೂರು ಪಲ್ಸುಗಳ ಒಟ್ಟು ಸಮಯ ಅಳೆದು ನೂರರಿಂದ ಭಾಗಿಸಿ; ಡಾಕ್‌ಎಂಎಕ್ಸ್‌ನಲ್ಲಿ ಎರಡು ಕೌಂಟರ್ ಬಳಸುವ ಲಾರ್ಜ್ ರೇಂಜ್ ವಿಧಾನ ಮಾಡುವುದು ಇದನ್ನೇ. ಬಫರಿನಲ್ಲಿ ಒಂದೂ ಬಿಡದೆ ಸಾಲಾಗಿ ಅಳೆದ ನೂರು ಅವಧಿಗಳನ್ನು ಕೂಡಿದರೂ ಫಲಿತಾಂಶ ಅಷ್ಟೇ ಒಳ್ಳೆಯದು, ಯಾಕೆಂದರೆ ಒಂದರಲ್ಲಿ ಬಿಟ್ಟುಹೋದ ಟಿಕ್ ಮುಂದಿನದರಲ್ಲಿ ಸೇರಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಅಳೆದ ನೂರಕ್ಕೆ ಈ ಗುಣವಿಲ್ಲ.

ಲಕ್ಷಣ 2: ಎರಡೂ ಸ್ಥಿರವಾಗಿವೆ, ಆದರೆ ಸದಾ ಒಂದೇ ಪ್ರಮಾಣದ ವ್ಯತ್ಯಾಸ

ಫ್ರೀಕ್ವೆನ್ಸಿ ಬದಲಿಸಿ ನೋಡಿದಿರಿ. ಶೇಕಡವಾರು ವ್ಯತ್ಯಾಸ ಅಲುಗಲಿಲ್ಲ. ಎಷ್ಟು ಸರಾಸರಿ ಮಾಡಿದರೂ ಹೋಗುವುದಿಲ್ಲ. ಹಾಗಾದರೆ ಎರಡು ಕಾರ್ಡುಗಳು ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದರಲ್ಲೇ ಒಪ್ಪುತ್ತಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು, ಮತ್ತು ವ್ಯತ್ಯಾಸದ ಗಾತ್ರವೇ ಯಾವುದು ಎಂದು ಹೇಳುತ್ತದೆ.

ವ್ಯತ್ಯಾಸ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಭಾಗ) ಒಳಗಿದ್ದರೆ, ಅಂದರೆ ಒಂದು ಸೆಕೆಂಡಿಗೆ 100 ಮೈಕ್ರೊಸೆಕೆಂಡ್ ಒಳಗೆ, ಕಾರಣ ಬಹುಶಃ ಕಾರ್ಡಿನ ಕ್ಲಾಕಿಗೆ ಲಯ ಕೊಡುವ ಕ್ರಿಸ್ಟಲ್. 6221 ಮತ್ತು 6341 ಎರಡಕ್ಕೂ ಕಂಪನಿ ಕೊಟ್ಟಿರುವ ಮಿತಿ 50 ಪಿಪಿಎಂ. ಒಂದು 50 ಮುಂದೆ, ಇನ್ನೊಂದು 50 ಹಿಂದೆ ಇದ್ದರೆ ನಡುವೆ 100 ಪಿಪಿಎಂ ಅಂತರವಿದ್ದೂ ಎರಡೂ ಕಾರ್ಡ್ ತಮ್ಮ ಸ್ಪೆಸಿಫಿಕೇಶನ್ನಿಗೆ ನಿಷ್ಠವಾಗಿವೆ. 6024ಇಗೆ ಈ ಮಿತಿ 100 ಪಿಪಿಎಂ. ಯಾವ ಕಾರ್ಡನ್ನೂ ವಾಪಸ್ ಕಳಿಸುವ ಹಕ್ಕು ಇಲ್ಲಿ ನಿಮಗಿಲ್ಲ. ಟಿಕ್ 10 ನ್ಯಾನೊಸೆಕೆಂಡ್ ಇದೆ ಎಂದರೆ ಅಳತೆಯೂ 10 ನ್ಯಾನೊಸೆಕೆಂಡಿನಷ್ಟು ನಿಖರ ಎಂದು ನಂಬುವುದು ದೊಡ್ಡ ತಪ್ಪು. 1 ಸೆಕೆಂಡಿನ ಅವಧಿಯಲ್ಲಿ 50 ಪಿಪಿಎಂ ಅಂದರೆ 50 ಮೈಕ್ರೊಸೆಕೆಂಡ್, ಆ ಟಿಕ್ಕಿನ ಐದು ಸಾವಿರ ಪಟ್ಟು.

ಆರ್ಡುಯಿನೊ ಊನೊ ಎಂಬ ಅಗ್ಗದ ಮೈಕ್ರೊಕಂಟ್ರೋಲರ್ ಬೋರ್ಡಿನ ಜೊತೆ ಹೋಲಿಸುತ್ತಿದ್ದರೆ ಲೆಕ್ಕವೇ ಬೇರೆ. ಅದರ 16 ಮೆಗಾಹರ್ಟ್ಸ್ ಮುಖ್ಯ ಚಿಪ್ ನಡೆಯುವುದು ಸೆರಾಮಿಕ್ ರೆಸೊನೇಟರಿನಿಂದ, ಅದರ ಸಹಿಷ್ಣುತೆ ಸುಮಾರು ಅರ್ಧ ಶೇಕಡ, ಅಂದರೆ 5000 ಪಿಪಿಎಂ. ಕಾಲೇಜು ಪ್ರಾಜೆಕ್ಟುಗಳಲ್ಲಿ ಡಾಕ್ ಕಾರ್ಡಿಗೂ ಊನೊಗೂ ಸಾವಿರಕ್ಕೆ ಒಂದು ಭಾಗ ವ್ಯತ್ಯಾಸ ಬಂದರೆ ಡಾಕ್ ಕಾರ್ಡನ್ನು ಅನುಮಾನಿಸಬೇಡಿ.

ವ್ಯತ್ಯಾಸ ನೂರಾರು ಪಿಪಿಎಂ ಇದ್ದು ಎರಡೂ ಒಳ್ಳೆಯ ಕಾರ್ಡುಗಳಾಗಿದ್ದರೆ, ನೀವು ಕೌಂಟರ್ ಬಳಸುತ್ತಿದ್ದೀರೋ ಅಥವಾ ಅನಲಾಗ್ ಇನ್‌ಪುಟ್‌ನಲ್ಲಿ ಸ್ಯಾಂಪಲ್ ತೆಗೆದುಕೊಂಡು ಪ್ರೋಗ್ರಾಮಿನಲ್ಲಿ ಅವಧಿ ಲೆಕ್ಕ ಹಾಕುತ್ತಿದ್ದೀರೋ ನೋಡಿ. ಎರಡನೆಯದಾದರೆ ಕಾರಣ ಬಹುತೇಕ ಸಿಕ್ಕಿತು.

ಕಾರ್ಡ್ ತನ್ನ ಸ್ಯಾಂಪಲ್ ಕ್ಲಾಕನ್ನು ಮೂಲ ಕ್ಲಾಕಿನಿಂದ ಪೂರ್ಣಾಂಕದಲ್ಲಿ ಭಾಗಿಸಿ ಪಡೆಯುತ್ತದೆ. ನೀವು ಸೆಕೆಂಡಿಗೆ 30,000 ಸ್ಯಾಂಪಲ್ ಕೇಳಿದಿರಿ ಎನ್ನಿ. 6221ರಲ್ಲಿ ಅನಲಾಗ್ ಇನ್‌ಪುಟ್‌ನ ಮೂಲ ಕ್ಲಾಕ್ 20 ಮೆಗಾಹರ್ಟ್ಸ್. 20,000,000ವನ್ನು 30,000ದಿಂದ ಭಾಗಿಸಿದರೆ 666.67. ಭಾಜಕ ಪೂರ್ಣಾಂಕವಾದ್ದರಿಂದ ಅದು 666 ಅಥವಾ 667 ಆಗಲೇಬೇಕು. 666 ಆದರೆ ನಿಜವಾದ ವೇಗ 30,030. ನಿಮ್ಮ ಪ್ರೋಗ್ರಾಮ್ ಇನ್ನೂ 30,000 ಎಂದೇ ನಂಬಿ ಸ್ಯಾಂಪಲ್ ಎಣಿಸುತ್ತದೆ, 10 ಮಿಲಿಸೆಕೆಂಡಿನ ಪಲ್ಸ್ 10.010 ಎಂದು ಬರುತ್ತದೆ. 6341ರಲ್ಲಿ ಮೂಲ ಕ್ಲಾಕ್ 100 ಮೆಗಾಹರ್ಟ್ಸ್. ಭಾಗಿಸಿದರೆ 3333.33, 3333 ಆದಾಗ ನಿಜವಾದ ವೇಗ ಸುಮಾರು 30,003. ಅದೇ ಪಲ್ಸ್ 10.001 ಎಂದು ಬರುತ್ತದೆ. ಮೇಲೆ ಹೇಳಿದ ಜಗಳದ ಎರಡೂ ಸಂಖ್ಯೆ ಹೀಗೇ ಹುಟ್ಟಬಹುದು, ಮತ್ತು ಆಗ ಎರಡೂ ತಪ್ಪು.

ಪರೀಕ್ಷೆ: ಕೇಳಿದ ವೇಗದ ಬದಲು, ಕಾರ್ಡ್ ನಿಜವಾಗಿ ಕೊಟ್ಟ ವೇಗವನ್ನು ಡ್ರೈವರಿನಿಂದ ಓದಿ ಪರದೆಗೆ ಬರೆಸಿ. ಎರಡೂ ಒಂದೇ ಅಲ್ಲದಿದ್ದರೆ ಲೆಕ್ಕಕ್ಕೆ ಓದಿದ ಸಂಖ್ಯೆಯನ್ನೇ ಬಳಸಿ. ಇಲ್ಲವೇ ಎರಡೂ ಕ್ಲಾಕುಗಳನ್ನು ಶೇಷವಿಲ್ಲದೆ ಭಾಗಿಸುವ ವೇಗ ಆರಿಸಿಕೊಳ್ಳಿ: 20,000, 25,000, 40,000, 50,000 ಎಲ್ಲವೂ ಸರಿ.

ಕಂಪನ ಅಳೆಯುವ ಡೆಲ್ಟಾ-ಸಿಗ್ಮಾ ಮಾಡ್ಯೂಲುಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಎನ್‌ಐ 9234 ಕೊಡುವುದು 51,200 ಮತ್ತು ಅದನ್ನು ಪೂರ್ಣಾಂಕದಿಂದ ಭಾಗಿಸಿದ ವೇಗಗಳನ್ನು ಮಾತ್ರ. ಅದರ ಒಳಗಿನ 13.1072 ಮೆಗಾಹರ್ಟ್ಸ್ ಕ್ಲಾಕನ್ನು 256ರಿಂದ ಭಾಗಿಸಿದರೆ ಬರುವುದು ಅದೇ. 50,000 ಕೇಳಿ, ಅದೇ ಬಂತೆಂದು ಕೋಡಿನಲ್ಲಿ ಬರೆದುಬಿಟ್ಟರೆ 2.4 ಶೇಕಡ ತಪ್ಪು.

ಲಕ್ಷಣ 3: ರೀಡಿಂಗ್ ಚದುರಿ ಬೀಳುತ್ತದೆ, ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ

ಮೊದಲು ಒಂದು ಉಚಿತ ಪರೀಕ್ಷೆ. ಎರಡು ಕಾರ್ಡುಗಳ ರೀಡಿಂಗ್‌ಗಳನ್ನು ಪಲ್ಸಿಗೆ ಪಲ್ಸ್ ಹೊಂದಿಸಿ ಒಂದರ ಮೇಲೊಂದು ಇಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಚದುರುವಿಕೆ ಕಾರ್ಡಿನದ್ದಲ್ಲ, ಯಂತ್ರದ್ದು. ಹಲ್ಲುಚಕ್ರದ ಹಲ್ಲುಗಳು, ಎನ್‌ಕೋಡರ್ ಡಿಸ್ಕಿನ ಗೆರೆಗಳು ಪೂರ್ತಿ ಸಮಾನ ಅಂತರದಲ್ಲಿ ಇರುವುದಿಲ್ಲ. ಆ ವಿನ್ಯಾಸ ಪ್ರತಿ ಸುತ್ತಿಗೂ ಹಾಗೇ ಮರುಕಳಿಸುತ್ತದೆ. 60 ಹಲ್ಲಿನ ಚಕ್ರವಾದರೆ 60 ರೀಡಿಂಗ್‌ಗೊಮ್ಮೆ ಒಂದೇ ಚಿತ್ರ ಕಾಣುತ್ತದೆ. ಪೂರ್ತಿ ಒಂದು ಸುತ್ತಿನ ಸರಾಸರಿ ಹಿಡಿದರೆ ಅದು ಮಾಯವಾಗುತ್ತದೆ.

ಒಂದು ಏರುವಾಗ ಇನ್ನೊಂದು ತನ್ನ ಪಾಡಿಗೆ ಅಲೆದಾಡಿದರೆ ಕಾರಣ ಕಾರ್ಡಿನ ಒಳಹೊಕ್ಕುವ ಜಾಗದಲ್ಲಿದೆ: ಸಿಗ್ನಲ್ ಥ್ರೆಶೋಲ್ಡನ್ನು, ಅಂದರೆ ಕಾರ್ಡ್ ಎಡ್ಜ್ ಎಂದು ಗುರುತಿಸುವ ವೋಲ್ಟಿನ ಗಡಿಯನ್ನು, ದಾಟುವ ಕ್ಷಣ. ಚೌಕಾಕಾರದ ಪಲ್ಸ್ ಥಟ್ಟನೆ ದಾಟುತ್ತದೆ, ಅಲ್ಲಿ ಗದ್ದಲಕ್ಕೆ ಕೆಲಸವಿಲ್ಲ. ಮ್ಯಾಗ್ನೆಟಿಕ್ ಪಿಕಪ್‌ನಂಥ ನಿಧಾನದ ಅಲೆ ಹಾಗಲ್ಲ. 1 ವೋಲ್ಟ್ ಎತ್ತರದ 50 ಹರ್ಟ್ಸ್ ಸೈನ್ ಅಲೆ ಸೊನ್ನೆಯನ್ನು ದಾಟುವ ವೇಗ ಸೆಕೆಂಡಿಗೆ 314 ವೋಲ್ಟ್. ಅದರ ಮೇಲೆ 10 ಮಿಲಿವೋಲ್ಟ್ ಗದ್ದಲ ಕೂತರೆ ದಾಟುವ ಕ್ಷಣ ಸುಮಾರು 32 ಮೈಕ್ರೊಸೆಕೆಂಡ್ ಹಿಂದುಮುಂದಾಗುತ್ತದೆ. ಅವಧಿಗೆ ಎರಡು ಎಡ್ಜ್ ಬೇಕು, ಹಾಗಾಗಿ ಅವಧಿಯ ಚದುರುವಿಕೆ ಸುಮಾರು 45 ಮೈಕ್ರೊಸೆಕೆಂಡ್. 10 ನ್ಯಾನೊಸೆಕೆಂಡ್ ಟಿಕ್ಕಿನ ಕಾರ್ಡಿಗೆ ಎಷ್ಟೇ ದುಡ್ಡು ಸುರಿದಿದ್ದರೂ ಇಲ್ಲಿ ಅದು ಏನೂ ಮಾಡಲಾರದು.

ಸರಿಪಡಿಸುವ ಕ್ರಮ ಇದು. ಶೀಲ್ಡ್ ಇರುವ ತಂತಿ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ವಿಎಫ್‌ಡಿ (ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಮತ್ತು ಮೋಟಾರಿನ ತಂತಿಗಳಿಂದ ದೂರ ಇಡಿ. ವಿಎಫ್‌ಡಿ ಆಫ್ ಮಾಡಿ ಕೈಯಲ್ಲಿ ತಿರುಗಿಸಿದಾಗ ಗದ್ದಲ ನಿಂತರೆ ಕಳ್ಳ ಸಿಕ್ಕ. ಆಮೇಲೂ ಉಳಿದರೆ 74ಎಚ್‌ಸಿ14ನಂಥ ಶ್ಮಿಟ್ ಟ್ರಿಗರ್ ಚಿಪ್ (ಏರಲು ಇಳಿಯಲು ಬೇರೆ ಬೇರೆ ಗಡಿ ಇಟ್ಟು ಸಣ್ಣ ಗದ್ದಲವನ್ನು ತಡೆಯುವ ಚಿಪ್) ನಡುವೆ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲೂ ಸಿಗುವ ಅಗ್ಗದ ಚಿಪ್ ಅದು. ಆದರೆ ಅದು 5 ವೋಲ್ಟಿನ ಚಿಪ್ಪು: ಪಿಕಪ್ ಸಿಗ್ನಲ್ ಸೊನ್ನೆಗಿಂತ ಕೆಳಗೂ ಹೋಗುತ್ತದೆ, ಮೋಟಾರ್ ಜೋರಾದರೆ ಹತ್ತಾರು ವೋಲ್ಟಿಗೂ ಏರುತ್ತದೆ. ಮುಂದೆ ರೆಸಿಸ್ಟರ್, ಡಯೋಡ್ ಕ್ಲ್ಯಾಂಪ್ ಇಲ್ಲದೆ ಜೋಡಿಸಬೇಡಿ.

ಆಪ್ಟೊಕಪ್ಲರ್ ಬಗ್ಗೆ ಒಂದು ಮಾತು. ಪಿಸಿ817 ಅಗ್ಗ, ಆದರೆ ಅದರ ಏರುವ ವೇಗ ಮತ್ತು ಇಳಿಯುವ ವೇಗ ಬೇರೆ ಬೇರೆ. ಪಲ್ಸಿನ ಅಗಲ ಅಳೆಯುತ್ತಿದ್ದರೆ ಅದು ನೇರ ತಪ್ಪಾಗಿ ಬರುತ್ತದೆ. ಅವಧಿಯನ್ನು ಒಂದೇ ಬಗೆಯ ಎಡ್ಜ್‌ನಿಂದ ಎಡ್ಜ್‌ಗೆ ಅಳೆಯುತ್ತಿದ್ದರೆ ಆ ವಿಳಂಬ ಎರಡು ಸಲವೂ ಒಂದೇ ಆಗಿ ಕಳೆದುಹೋಗುತ್ತದೆ. ಎರಡು ಬೆಂಚುಗಳಲ್ಲಿ ಅವಧಿ ಹೊಂದಿಕೊಂಡು ಅಗಲ ಮಾತ್ರ ಹೊಂದದಿದ್ದರೆ ಮೊದಲು ಆಪ್ಟೊ ನೋಡಿ. ಕೆಲವು ಕಿಲೊಹರ್ಟ್ಸ್ ದಾಟಿದರೆ 6ಎನ್137ನಂಥ ವೇಗದ ಆಪ್ಟೊಗೆ ಹೋಗುವುದೇ ಒಳ್ಳೆಯದು.

ಲಕ್ಷಣ 4: ಎಲ್ಲ ಸರಿ, ನಡುನಡುವೆ ಒಂದೊಂದು ಹುಚ್ಚು ರೀಡಿಂಗ್

ಗ್ರಾಫಿನಲ್ಲಿ ನೇರ ಗೆರೆ, ಅಲ್ಲಲ್ಲಿ ಕೆಳಕ್ಕೆ ಚುಚ್ಚಿದ ಮುಳ್ಳು. ಅತಿ ಚಿಕ್ಕ ಒಂದು ಅವಧಿ ಬಂದು, ಪಕ್ಕದ ಅವಧಿ ಅಷ್ಟರ ಮಟ್ಟಿಗೆ ಕಡಿಮೆಯಾಗಿ, ಎರಡನ್ನೂ ಕೂಡಿದರೆ ಸರಿಯಾದ ಅವಧಿಯೇ ಬಂದರೆ ಒಂದು ಎಡ್ಜನ್ನು ಕಾರ್ಡ್ ಎರಡು ಸಲ ಎಣಿಸಿದೆ. ರಿಲೇ ಅಥವಾ ರೀಡ್ ಸ್ವಿಚ್ಚಾದರೆ ಸಂಪರ್ಕ ಕುಣಿಯುವುದು ಕಾರಣ. ಉದ್ದ ಕೇಬಲ್ಲಿನಲ್ಲಿ ವೇಗದ ಎಡ್ಜ್ ಆದರೆ ತುದಿಯಿಂದ ಸಿಗ್ನಲ್ ಮರಳಿ ಬಂದು ಅಲುಗುವುದು. ವೇಗದ ಕ್ಲಾಕಿನ ಹೊಸ ಕಾರ್ಡ್ ಇವನ್ನೆಲ್ಲ ಹಿಡಿಯುತ್ತದೆ, ಹಳೆಯ ಕಾರ್ಡ್ ಗಮನಿಸದೇ ಹೋಗಿರಬಹುದು. ಅದಕ್ಕೇ ಹೊಸದೇ ಕೆಟ್ಟಂತೆ ಕಾಣುತ್ತದೆ. ಕಾರ್ಡಿನ ಡಿಜಿಟಲ್ ಫಿಲ್ಟರ್ ಆನ್ ಮಾಡಿ, ಆದರೆ ಅದರ ಸಮಯ ನಿಮ್ಮ ಅತಿ ಕಿರಿದಾದ ಪಲ್ಸಿಗಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಪಲ್ಸುಗಳೇ ಮಾಯವಾಗುತ್ತವೆ.

ಮುಳ್ಳು ಮೇಲಕ್ಕಿದ್ದು, ಸರಿಯಾಗಿ ಎರಡರಷ್ಟು ಬಂದರೆ ಒಂದು ಎಡ್ಜ್ ತಪ್ಪಿದೆ. ಸೆನ್ಸರ್ ಅಂತರ ಹೆಚ್ಚಾಗಿರುವುದು, ಹಲ್ಲು ಮುರಿದಿರುವುದು, ಸಿಗ್ನಲ್ 2 ವೋಲ್ಟಿನ ಆಸುಪಾಸಿನಲ್ಲಿ ಒದ್ದಾಡುತ್ತಿರುವುದು, ಈ ಕ್ರಮದಲ್ಲಿ ನೋಡಿ.

ಹುಚ್ಚು ರೀಡಿಂಗ್ ಬರೀ ಮೊದಲನೆಯದೇ ಆಗಿದ್ದರೆ ಚಿಂತೆ ಬೇಡ. ಕೌಂಟರ್ ಶುರುವಾದದ್ದು ಪಲ್ಸಿನ ನಡುವೆ. ಆ ಅರೆ ಅವಧಿಯನ್ನು ಬಿಟ್ಟುಬಿಡಿ. ಇನ್ನು ‑200141 ಎಂಬ ದೋಷ ಸಂಖ್ಯೆ ಬಂದರೆ, ಓದುವ ಮೊದಲೇ ಮುಂದಿನ ಮೌಲ್ಯ ಹಿಂದಿನದರ ಮೇಲೆ ಬರೆದುಕೊಂಡಿದೆ ಎಂದರ್ಥ. ಪಲ್ಸ್ ಆ ವ್ಯವಸ್ಥೆಗೆ ತೀರಾ ವೇಗ. ಡೇಟಾ ಸಾಗಿಸುವ ಬಗೆ ಇಂಟರಪ್ಟ್ ಆಗಿದ್ದರೆ ಡಿಎಂಎಗೆ (ಪ್ರೊಸೆಸರನ್ನು ಕಾಯದೆ ನೇರ ಮೆಮೊರಿಗೆ ಬರೆಯುವ ಬಗೆಗೆ) ಬದಲಿಸಿ.

ಲಕ್ಷಣ 5: ಉತ್ತರ ಅರ್ಥವೇ ಇಲ್ಲದಷ್ಟು ದೂರ

1 ಸೆಕೆಂಡಿನ ಪಲ್ಸನ್ನು ಕಾರ್ಡ್ 0.1611392 ಸೆಕೆಂಡ್ ಎಂದು ಓದಿದರೆ 24 ಬಿಟ್ ಕೌಂಟರ್ ಒಮ್ಮೆ ತುಂಬಿ ಸೊನ್ನೆಯಿಂದ ಮತ್ತೆ ಶುರುವಾಗಿದೆ. ಕಳೆದುಹೋದ 0.8388608 ಕೂಡಿಸಿ, ಸರಿಯಾಗಿ 1 ಬರುತ್ತದೆ. ಕೌಂಟರನ್ನು ತಾವೇ ನೇರವಾಗಿ ಓದುವ ಹಳೆಯ ಪ್ರೋಗ್ರಾಮುಗಳಲ್ಲಿ ಇದು ಸಾಮಾನ್ಯ. ಊನೊದ 16 ಬಿಟ್ ಟೈಮರ್ ಪೂರ್ತಿ ವೇಗದಲ್ಲಿ 4.096 ಮಿಲಿಸೆಕೆಂಡಿಗೇ ತುಂಬುತ್ತದೆ.

ಲಕ್ಷಣ 6: ಮಿಲಿಸೆಕೆಂಡುಗಟ್ಟಲೆ ಅಲುಗಾಟ

ಇದು ಕ್ಲಾಕಿನ ಸಮಸ್ಯೆಯೇ ಅಲ್ಲ. ಪ್ರೋಗ್ರಾಮ್ ಲೂಪಿನಲ್ಲಿ ಇನ್‌ಪುಟ್ಟನ್ನು ಓದಿ ಓದಿ ಕಂಪ್ಯೂಟರಿನ ಗಡಿಯಾರದಿಂದ ಸಮಯ ಹಿಡಿಯಲಾಗುತ್ತಿದೆ. ವಿಂಡೋಸ್‌ನ ಸಾಮಾನ್ಯ ಟೈಮರ್ ಹೆಜ್ಜೆಯೇ 15.6 ಮಿಲಿಸೆಕೆಂಡ್ ಸುಮಾರು. ಯುಎಸ್‌ಬಿ-6008ರಂಥ ಅಗ್ಗದ ಸಾಧನದ ಕೌಂಟರ್ ಪಲ್ಸ್ ಎಣಿಸುತ್ತದೆ ಅಷ್ಟೇ, ಅವಧಿ ಅಳೆಯುವ ಸೌಲಭ್ಯ ಅದರಲ್ಲಿಲ್ಲ. ಹಾಗಾಗಿ ಪಿಸಿಐ ಕಾರ್ಡಿನ ಪ್ರೋಗ್ರಾಮನ್ನು ಅದಕ್ಕೆ ಹೊಂದಿಸುವವರು ಈ ಲೂಪಿನ ಮೊರೆ ಹೋಗುತ್ತಾರೆ. ಕೋಡ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ನಿಧಾನದ ಪಲ್ಸಾದರೆ ಅನಲಾಗ್ ಚಾನಲ್‌ನಲ್ಲಿ ಸ್ಯಾಂಪಲ್ ಮಾಡಿ ಎಡ್ಜ್ ಹುಡುಕಿ, ಇಲ್ಲವೇ ಅವಧಿ ಅಳೆಯುವ ಕೌಂಟರ್ ಇರುವ ಕಾರ್ಡ್ ತನ್ನಿ.

ಲಕ್ಷಣ 7: ಅವಧಿ ಹೊಂದುತ್ತದೆ, ಫ್ರೀಕ್ವೆನ್ಸಿ ಹೊಂದುವುದಿಲ್ಲ

9 ಮತ್ತು 11 ಮಿಲಿಸೆಕೆಂಡಿನ ಎರಡು ಅವಧಿ. ಸರಾಸರಿ 10, ಅಂದರೆ 100 ಹರ್ಟ್ಸ್. ಒಂದೊಂದನ್ನೂ ಫ್ರೀಕ್ವೆನ್ಸಿಗೆ ತಿರುಗಿಸಿ ಸರಾಸರಿ ಮಾಡಿದರೆ 101.01 ಹರ್ಟ್ಸ್. ಎರಡು ಪ್ರೋಗ್ರಾಮುಗಳು ಬೇರೆ ಬೇರೆ ದಾರಿ ಹಿಡಿದಿವೆ. ಅವಧಿಗಳನ್ನು ಕೂಡಿ, ಪಲ್ಸುಗಳ ಸಂಖ್ಯೆಯನ್ನು ಆ ಮೊತ್ತದಿಂದ ಭಾಗಿಸುವುದೇ ಸರಿ.

ಲಕ್ಷಣ 8: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು

ಕ್ರಿಸ್ಟಲ್ ಬಿಸಿಗೆ ಬಗ್ಗುತ್ತದೆ. ಕೆಲವು ಪಿಪಿಎಂ ಜಾರುವುದು ಸಹಜ. ಕಂಪ್ಯೂಟರ್ ಆನ್ ಮಾಡಿ ಅರ್ಧ ಗಂಟೆ ಕಾದು ಅಳೆಯಿರಿ, ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಸ್ಲಾಟ್ ತಪ್ಪಿಸಿ. ಜಾರುವಿಕೆ ನೂರಾರು ಪಿಪಿಎಂ ಇದ್ದರೆ ಮಾತ್ರ ಕಾರ್ಡನ್ನು ಅನುಮಾನಿಸಿ, ಅದೂ ಸಿಗ್ನಲ್ ಜನರೇಟರೇ ಜಾರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ.

ಯಾವ ಕಾರ್ಡ್ ಸರಿ ಎಂದು ತಿಳಿಯುವುದು

ಎರಡೇ ಕಾರ್ಡಿನಿಂದ ವ್ಯತ್ಯಾಸ ಮಾತ್ರ ತಿಳಿಯುತ್ತದೆ, ಸತ್ಯ ತಿಳಿಯುವುದಿಲ್ಲ. ಮೂರನೆಯ ಸಾಕ್ಷಿ ಬೇಕು.

ಕಾರ್ಡಿನ ಔಟ್‌ಪುಟ್ಟಿನಿಂದ ಪಲ್ಸ್ ಹುಟ್ಟಿಸಿ ಅದರ ಇನ್‌ಪುಟ್ಟಿಗೇ ಕೊಟ್ಟು ಪರೀಕ್ಷಿಸುವುದು ವ್ಯರ್ಥ. ಹುಟ್ಟಿಸುವುದೂ ಅಳೆಯುವುದೂ ಒಂದೇ ಕ್ಲಾಕ್, ಅದು ಎಷ್ಟೇ ಓಡಲಿ ಹಿಂದುಳಿಯಲಿ ಫಲಿತಾಂಶ ಸದಾ ನಿಖರವಾಗಿಯೇ ಕಾಣುತ್ತದೆ. ಕರೆಂಟಿನ 50 ಹರ್ಟ್ಸ್ ಕೂಡ ಸಾಕ್ಷಿಯಲ್ಲ. ಭಾರತದ ಗ್ರಿಡ್ ಸಂಹಿತೆಯ ಪ್ರಕಾರವೇ ಅದು 49.90ರಿಂದ 50.05ರವರೆಗೆ ಓಡಾಡಬಹುದು; ಅಂದರೆ 3000 ಪಿಪಿಎಂ ಅಗಲದ ಪಟ್ಟಿ.

ಕೈಗೆಟಕುವ ಒಳ್ಳೆಯ ಸಾಕ್ಷಿ ಜಿಪಿಎಸ್ ಮಾಡ್ಯೂಲಿನ ಸೆಕೆಂಡಿಗೊಂದು ಪಲ್ಸ್, ಪಿಪಿಎಸ್. ಯು-ಬ್ಲಾಕ್ಸ್ ನಿಯೊ-6ಎಂ ಮಾಡ್ಯೂಲಿನ ಪಲ್ಸ್ ಹೆಚ್ಚುಪಾಲು 60 ನ್ಯಾನೊಸೆಕೆಂಡ್ ಒಳಗೇ ಇರುತ್ತದೆ. ಆಂಟೆನಾ ಕಿಟಕಿಯ ಹೊರಗೆ ತೆರೆದ ಆಕಾಶ ನೋಡಲಿ, ಉಪಗ್ರಹಗಳು ಸಿಕ್ಕಿ ಸ್ಥಿರವಾಗುವವರೆಗೆ ಕಾಯಿರಿ. ಪಲ್ಸನ್ನು ಎರಡೂ ಕಾರ್ಡಿಗೆ ಕೊಟ್ಟು ಸಾವಿರ ಸೆಕೆಂಡ್ ಅಳೆದು ಸರಾಸರಿ ತೆಗೆಯಿರಿ. ಕಾರ್ಡ್ 1.000018 ಸೆಕೆಂಡ್ ಅಂದರೆ ಅದರ ಕ್ಲಾಕ್ 18 ಪಿಪಿಎಂ ಜೋರಾಗಿ ಓಡುತ್ತಿದೆ. ಇನ್ನು ಮುಂದೆ ಆ ಕಾರ್ಡಿನ ಪ್ರತಿ ಅವಧಿಯನ್ನೂ 1.000018ರಿಂದ ಭಾಗಿಸಿ. ಸಂಖ್ಯೆಯನ್ನು ದಿನಾಂಕ, ಕೋಣೆಯ ಉಷ್ಣತೆ ಸಮೇತ ಕಾರ್ಡಿನ ಮೇಲೆ ಸ್ಟಿಕ್ಕರಿನಲ್ಲಿ ಬರೆದಿಡಿ.

ಎರಡು ಕಾರ್ಡುಗಳು ಪರಸ್ಪರ ಒಪ್ಪುವುದಷ್ಟೇ ಸಾಕಿದ್ದರೆ ಎರಡಕ್ಕೂ ಒಂದೇ 10 ಮೆಗಾಹರ್ಟ್ಸ್ ಕೊಡಿ. ಪಿಎಕ್ಸ್‌ಐ ಪೆಟ್ಟಿಗೆಯ (ಹಲವು ಅಳತೆ ಕಾರ್ಡುಗಳನ್ನು ಒಟ್ಟಿಗೆ ಕೂರಿಸುವ ಚಾಸಿಸ್) ಬ್ಯಾಕ್‌ಪ್ಲೇನಿನಲ್ಲಿ ಅದು ಸಿದ್ಧವಾಗಿಯೇ ಇದೆ, ಪಿಸಿಐ ಕಾರ್ಡುಗಳ ನಡುವೆ ಕ್ಲಾಕ್ ಹಂಚುವ ಆರ್‌ಟಿಎಸ್‌ಐ ಕೇಬಲ್ ಹಾಕಿ ಹಂಚಬಹುದು. ಹಳೆಯ ಸರಣಿಯ ಕೆಲವು ಕಾರ್ಡುಗಳು ಹೊರಗಿನ 10 ಮೆಗಾಹರ್ಟ್ಸ್‌ಗೆ ಬೀಗ ಹಾಕಿಕೊಳ್ಳಲಾರವು, ಕೈಪಿಡಿ ನೋಡಿಕೊಳ್ಳಿ.

ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕೇಳಿ

ಪಿಪಿಎಸ್ ಪರೀಕ್ಷೆಯಲ್ಲಿ ಕಾರ್ಡ್ ತನ್ನ ಸ್ಪೆಸಿಫಿಕೇಶನ್ ಮೀರಿದರೆ, ಇನ್ನೊಂದು ಕಂಪ್ಯೂಟರಿನಲ್ಲೂ ಹಾಗೇ ಮೀರಿದರೆ, ಅದು ಕಂಪನಿಯ ಸರ್ವೀಸಿಗೆ ಹೋಗಬೇಕು. ಕ್ರಿಸ್ಟಲನ್ನು ನೀವೇ ಬಿಚ್ಚಿ ಬದಲಿಸಬೇಡಿ. ಒಂದು ಇನ್‌ಪುಟ್ ಸದಾ ಮೇಲೆ ಅಥವಾ ಸದಾ ಕೆಳಗೆ ಅಂಟಿಕೊಂಡಿದ್ದರೆ, ಕಾರ್ಡ್ ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತು ಅಲ್ಲಿಗೇ ಬಿಡಿ; ಸೆನ್ಸರ್ ಕಡೆಯಿಂದ 24 ವೋಲ್ಟ್ ನುಗ್ಗಿತೇ ಎಂದು ತಿಳಿಯುವವರೆಗೆ ಇನ್ನೊಂದು ಕಾರ್ಡನ್ನು ಅದೇ ತಂತಿಗೆ ಕೊಡಬೇಡಿ. ಕಂಪ್ಯೂಟರ್ ಕವಚ ಮುಟ್ಟಿದಾಗ ಚುರುಕ್ ಅಂದರೆ ಮೊದಲು ಬರಬೇಕಾದವರು ಎಲೆಕ್ಟ್ರಿಷಿಯನ್.

ಅಳತೆ ಗ್ರಾಹಕರ ವರದಿಗೆ ಹೋಗುವುದಾದರೆ ಮನೆಯ ಜಿಪಿಎಸ್ ಪರೀಕ್ಷೆ ಸಾಲದು. ಸಮಯ ಮತ್ತು ಫ್ರೀಕ್ವೆನ್ಸಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಶನ್ ಮಾಡಿಸಿ. ಅಲ್ಲಿಯ ಪ್ರಮಾಣಪತ್ರದ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೋ ಅಂಥದ್ದೇ ರಾಷ್ಟ್ರೀಯ ಸಂಸ್ಥೆಗೋ ತಲುಪುತ್ತದೆ. ಕಳಿಸುವಾಗ ಕಾರ್ಡಿನ ಜೊತೆ ಆ ಸಾವಿರ ಕಚ್ಚಾ ರೀಡಿಂಗ್‌ಗಳ ಫೈಲ್, ಡ್ರೈವರಿನ ಆವೃತ್ತಿ, ಬಳಸಿದ ಕನಿಷ್ಠ ಗರಿಷ್ಠ ಮೌಲ್ಯಗಳು, ಅಳೆಯುವಾಗಿನ ಉಷ್ಣತೆ ಇಷ್ಟನ್ನೂ ಇಡಿ.